ಅತ್ತೆಯ ನಿದ್ದೆ

ನನ್ನ ಹೆಸರಿನಲ್ಲಿ ಮೂರು ಅಪಘಾತಗಳಿದ್ದವು. ಓಡಿಸುವವರನ್ನು ನಂಬಿ ಪಕ್ಕದಲ್ಲಿ ಕೂತವರು ನಿದ್ದೆ ಹೋದರೆ ಮಾತ್ರ ಕಾರಿನ ವಿಮೆಯ ಕಂತು ಇಳಿಯುತ್ತದೆ. ಇಳಿಯದಿದ್ದರೆ ನಾನು ಕಾರು ಮಾರಬೇಕಿತ್ತು. ಹಾಗೆ ಕೂರುವವರು ಹಿಂದಿನ ಅಪಘಾತದಲ್ಲಿ ಜೊತೆಗಿದ್ದವರೇ ಆಗಬೇಕೆಂಬುದು ನಿಯಮ. ಅದಕ್ಕೇ ಅತ್ತೆ ಹಾಲಮ್ಮ, ವಿಮೆ ಕಂಪನಿ ಕೊಟ್ಟ, ನಿದ್ದೆ ಬಂದರೆ ಹಸಿರಾಗುವ ಬಳೆ ತೊಟ್ಟು ನನ್ನ ಜೊತೆ ಹಿರಿಯೂರಿನ ವಿಮೆಯ ಆಫೀಸಿಗೆ ಹೊರಟರು.

ಚಿತ್ರದುರ್ಗ ದಾಟುತ್ತಲೇ ಕಣ್ಣು ಮುಚ್ಚಿಕೊಂಡರು. ಬಳೆ ಕೆಂಪಾಗಿಯೇ ಇತ್ತು.

"ನಾಟಕ ಮಾಡಿದ್ರೆ ಅದಕ್ಕೆ ಗೊತ್ತಾಗುತ್ತೆ ಅತ್ತೆ."

"ನಿದ್ದೆ ಏನು ಕರೆದ್ರೆ ಬರುತ್ತಾ? ನಿಂತಿದ್ದ ಹಾಲಿನ ವ್ಯಾನಿಗೆ ಗುದ್ದಿದೋಳು ನೀನು. ಮುಂದೆ ನೋಡ್ಕೊಂಡು ಓಡ್ಸು!"

ನಾನು ರಸ್ತೆಯ ಮೇಲೆ ಕಣ್ಣಿಟ್ಟೆ. ಆ ದಿನದಿಂದ ನನ್ನ ಕಾರಿನಲ್ಲಿ ಅವರು ಬಾಗಿಲ ಮೇಲಿನ ಹಿಡಿ ಬಿಟ್ಟವರಲ್ಲ. ದಾರಿಯುದ್ದಕ್ಕೂ ಅದು ಕಿರುಗುಟ್ಟುವುದೊಂದೇ ಕೇಳುತ್ತಿತ್ತು. ಹಿರಿಯೂರು ಹತ್ತಿರವಾದಾಗ ಅದೂ ನಿಂತಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಆಮೇಲೆ ಸಣ್ಣ ಗೊರಕೆ ಕೇಳಿಸಿತು. ಕಿಟಕಿಯ ಗಾಜಿನಲ್ಲಿ ಹಸಿರು ಬೆಳಕು ಮೂಡಿತು.

ಏನೋ ಕೇಳಲು ಬಾಯಿ ತೆರೆದ ಟೋಲ್ ಗೇಟಿನವನು ಆ ಹಸಿರು ಕಂಡು, ಸದ್ದಿಲ್ಲದೆ ಗೇಟು ಎತ್ತಿದ.

ವಿಮೆಯ ಆಫೀಸು ಬಂತು. ಬಳೆ ಹಸಿರಾದಾಗಲೇ ಕಂತು ಇಳಿದಾಗಿತ್ತು. ಆದರೂ ಕಾರು ನಿಲ್ಲಿಸಿ ಅವರನ್ನು ಎಬ್ಬಿಸಲು ಮನಸ್ಸಾಗದೆ, ಊರಿಗೆ ಒಂದು ಸುತ್ತು ಹಾಕಿದೆ.