ಬಾವಿಗೆ ಬಂದ ದನಿ

ಆ ಕಾಲದ ಇಂಗ್ಲೆಂಡಿನಲ್ಲಿ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೂತವರ ಸದ್ದು, ಅವರ ಸುತ್ತಲ ಸದ್ದು ಎಲ್ಲ ಅವರನ್ನು ಆರಿಸಿದ ಊರಿನ ಬಾವಿಯಲ್ಲಿ ಕೇಳಿಸುತ್ತಿತ್ತು. ದೇವರು ಹಾಗೆ ಇಟ್ಟಿದ್ದ, ಜನ ಹಾಗೇ ಬಾಳುತ್ತಿದ್ದರು.

ಥಾರ್ನ್‌ಬಿ ಊರು ಆರಿಸಿ ಕಳಿಸಿದ್ದ ಜಮೀನುದಾರ, ಬ್ಯಾರೊನೆಟ್ ಪದವಿಯ ಸರ್ ಆಂಬ್ರೋಸ್ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಬಾವಿಯಲ್ಲಿ ಕೇಳುತ್ತಿದ್ದದ್ದು ಬರೀ ಗೊರಕೆ.

ಅವತ್ತು ಊರವರೆಲ್ಲ ದನ ಮೇಯಿಸುವ ಹುಲ್ಲುಗಾವಲಿಗೆ ಬೇಲಿ ಹಾಕಿ ಸರ್ ಆಂಬ್ರೋಸರಿಗೇ ಒಪ್ಪಿಸುವ ಮಸೂದೆ ಬಂದಿತ್ತು. ಒಪ್ಪಿದವರು ಎದ್ದು ಹೊರಗೆ ಹೋಗಬೇಕು, ಒಪ್ಪದವರು ಕೂತೇ ಇರಬೇಕು. ಅದು ಸಭೆಯ ಪದ್ಧತಿ. ಒಂದೇ ಹಸುವನ್ನು ನಂಬಿ ಬದುಕಿದ್ದ ವಿಧವೆ ಮಾರ್ಜರಿ ಬಾವಿಯೊಳಕ್ಕೆ ಬಗ್ಗಿ ಕಿವಿಗೊಟ್ಟಳು.

ಬೂಟುಗಳ ಸದ್ದು ಗುಡುಗಿನಂತೆ ಹೊರಗೆ ಸಾಗಿತು. ಆಮೇಲೆ ಹತ್ತಿರದಲ್ಲೇ ಸರ್ ಆಂಬ್ರೋಸರ ಭಾರವಾದ ಉಸಿರು.

"ಧಣಿ ಇನ್ನೂ ಕೂತವ್ರೆ!" ಎಂದಳು.

"ಎಚ್ಚರ ಆಗಿಲ್ಲ ಬಿಡಕ್ಕ," ಎಂದ ಕಮ್ಮಾರ ಗಿಲ್ಬರ್ಟ್.

ಅಲ್ಲಿ ಸಭೆಯಲ್ಲಿ ಯಾರೋ ಅವಸರಿಸಿದರು: "ಏಳಿ ಸರ್ ಆಂಬ್ರೋಸ್, ಭೂಮಿ ನಿಮಗೇ ಬರೋದು."

"ಗೊತ್ತು," ಎಂದಿತು ಮುದಿ ದನಿ. "ನಾನು ಏಳೋದಿಲ್ಲ."

ಎಣಿಕೆ ಕೂಗಿದರು. ಹೊರಗೆ ತೊಂಬತ್ತು, ಒಳಗೆ ತೊಂಬತ್ತೊಂದು. ಒಂದೇ ಮತದಿಂದ ಮಸೂದೆ ಬಿದ್ದುಹೋಯಿತು.

ಗಿಲ್ಬರ್ಟ್ ಮೆಲ್ಲಗೆ ಟೋಪಿ ತೆಗೆದ. ಮಾರ್ಜರಿ ಮೊಣಕಾಲೂರಿ ಬಾವಿಯ ಕಟ್ಟೆಗೆ ಹಣೆ ಹಚ್ಚಿದಳು. ಸಂಜೆಯವರೆಗೂ ಆ ನೀರಿಗೆ ಕೊಡ ಇಳಿಸಲು ಯಾರಿಗೂ ಕೈ ಬರಲಿಲ್ಲ.