ವೀರ್‌ಸಂದೆಯ ಕೆಂಪು ಚುಕ್ಕೆ

"ಈ ಹಾಳೇಲೂ ಒಂದು ಊರಿಗೆ ಕೆಂಪು ಹಾಕೋದು ಬಿಟ್ಟಿದ್ದೀಯಲ್ಲ, ತಾನೆಕೆ," ಎಂದು ನಕ್ಷೆಯಂಗಡಿಯ ಯಜಮಾನ ಆದ್ರಿಯಾನ್ ಗೊಣಗುತ್ತಿದ್ದ. ಅಷ್ಟರಲ್ಲಿ ಸೈನಿಕರು ಬಾಗಿಲು ಒದ್ದು ಒಳಗೆ ನುಗ್ಗಿದರು.

ಲೈಸ್ಬೆತ್‌ಳ ಕೈಯ ಕುಂಚ ಜಾರಿತು. ನಕ್ಷೆಯ ಮೇಲೆ ಹಸಿರು ಬಣ್ಣ ಕಾಡು ದಾಟಿ ನದಿಗೆ ಹರಿಯಿತು. ಪಕ್ಕದಲ್ಲಿದ್ದ ಅತ್ತೆ ತಾನೆಕೆ ಮಾತ್ರ ತಲೆ ಎತ್ತಲಿಲ್ಲ.

ಮೂವತ್ತು ವರ್ಷದಿಂದ ಆಂಟ್‌ವರ್ಪಿನ ಅದೇ ಕಿಟಕಿಯ ಕೆಳಗೆ ಕೂತು ಅಚ್ಚಾದ ನಕ್ಷೆಗಳಿಗೆ ಬಣ್ಣ ತುಂಬಿದ ಕೈ ಅತ್ತೆಯದು. ಕಾಡಿಗೆ ಹಸಿರು, ನೀರಿಗೆ ನೀಲಿ, ಪ್ರತಿ ಊರಿನ ಇಗರ್ಜಿ ಗೋಪುರಕ್ಕೆ ಒಂದು ಚುಕ್ಕೆ ಕೆಂಪು. ಕಡಲಂಚಿನ ಜೀಲಂಡ್ ಸೀಮೆಯ ಹಾಳೆ ಬಂದಾಗ ಮಾತ್ರ ಒಂದು ಚುಕ್ಕೆ ತಪ್ಪುತ್ತಿತ್ತು. ಮುದುಕಿಗೆ ಕಣ್ಣು ಮಂಜಾಯಿತು ಅಂದುಕೊಂಡು ಆದ್ರಿಯಾನ್ ತಾನೇ ತಿದ್ದುತ್ತಿದ್ದ. ಆಮೇಲೆ ಹಾಳೆಗಳನ್ನೆಲ್ಲ ಹೊಲಿದು ದಪ್ಪ ನಕ್ಷೆಪುಸ್ತಕ ಮಾಡುತ್ತಿದ್ದ. ಆ ಹಾಳೆ ಅಚ್ಚಾಗುತ್ತಿದ್ದ ತಾಮ್ರದ ತಗಡು ಅವನ ಅಪ್ಪನ ಕಾಲದ್ದು. ಒಂದು ಗೆರೆಯೂ ಸವೆದಿಲ್ಲ ಎಂಬುದು ಅವನ ಜಂಭ.

"ಗಿಲ್ಲಿಸ್ ಎಲ್ಲಿ?" ಎಂದ ಸ್ಪೇನಿನ ಕಪ್ತಾನ.

ಗಿಲ್ಲಿಸ್ ತಾನೆಕೆಗೆ ಒಬ್ಬನೇ ಮಗ, ಲೈಸ್ಬೆತ್‌ಗೆ ಗಂಡ. ಸ್ಪೇನಿನ ಆಳ್ವಿಕೆಯನ್ನು ಬೈದು ಒಂದು ಹಾಳೆ ಅಚ್ಚು ಹಾಕಿದ್ದ. ಜೊತೆಗಾರರಿಬ್ಬರು ಆಗಲೇ ಸಂತೆಚೌಕದಲ್ಲಿ ನೇತಾಡುತ್ತಿದ್ದರು. ಅವನು ಕಣ್ಮರೆಯಾಗಿ ಎಂಟು ದಿನ. ಎಲ್ಲಿದ್ದಾನೆಂದು ಗೊತ್ತಿದ್ದದ್ದು ತಾಯಿಯೊಬ್ಬಳಿಗೇ. "ನಿಂಗೆ ಗೊತ್ತಿಲ್ಲದ್ದನ್ನ ಯಾರೂ ಬಾಯಿ ಬಿಡಿಸೋಕಾಗಲ್ಲ ಕಣೇ," ಎಂದು ಸೊಸೆಯ ಬಾಯಿ ಮುಚ್ಚಿಸಿದ್ದಳು.

ಕಪ್ತಾನ ಎರಡನೇ ಸಲ ಕೇಳಲಿಲ್ಲ. ಪುಸ್ತಕಗಳನ್ನು ಬಿಗಿಯುವ ಎರಡು ಹಲಗೆಗಳ ನಡುವೆ ಲೈಸ್ಬೆತ್‌ಳ ಬಲಗೈ ಇರಿಸಿ ಮರದ ತಿರುಪು ತಿರುಗಿಸಿದ. ಒಂದು ಬೆರಳು ಲಟಕ್ಕೆಂದಿತು.

ಲೈಸ್ಬೆತ್ ಹಲ್ಲು ಕಚ್ಚಿದಳು. ಎರಡನೆಯದೂ ಮುರಿಯಿತು.

"ಬಿಡಿ, ಒಡೆಯಾ," ಎಂದಳು ತಾನೆಕೆ. "ಮಗ ವೀರ್‌ಸಂದೆಯಲ್ಲಿದ್ದಾನೆ. ನನ್ನ ತವರು. ನಮ್ಮಪ್ಪ, ಅಮ್ಮ, ಅಣ್ಣ ಎಲ್ಲಾ ಅಲ್ಲೇ ಇದ್ದಾರೆ. ಊರು ಬಿಟ್ಟು ಬಂದೋಳು ನಾನೊಬ್ಬಳೇ."

ಲೈಸ್ಬೆತ್‌ಗೆ ಬೆರಳಿನ ನೋವು ಮರೆತೇಹೋಯಿತು. "ಸುಳ್ಳು! ಅಲ್ಲಿಲ್ಲ ಅವನು! ಹೆತ್ತ ಮಗನ್ನ ಮಾರ್ತೀಯಾ, ಹಾಳು ಮುದುಕೀ? ನನ್ನ ಕೈ ಹೋದ್ರೆ ಹೋಗ್ಲಿ, ನಾನು ಕೇಳಿದ್ನಾ ನಿನ್ನ?"

ಕಪ್ತಾನ ನಕ್ಕ. "ಸೊಸೆ ಹೀಗೆ ಕಿರುಚ್ತಿದ್ದಾಳೆ ಅಂದ್ರೆ ಅತ್ತೆ ಹೇಳಿದ್ದು ನಿಜಾನೇ."

ಆದರೂ ಅವನು ಎಚ್ಚರದ ಮನುಷ್ಯ. ಕಡಲು ಕಾಣದ ಒಣನಾಡಿನಿಂದ ಬಂದವನು, ಈ ಕೆಸರುಸೀಮೆಯವರನ್ನು ಕಂಡರೇ ಅನುಮಾನ. "ನಿಮ್ಮ ಜನರ ನಾಲಿಗೆ ನಂಬಲ್ಲ ನಾನು. ಪುಸ್ತಕ ತೆಗಿ."

ಆದ್ರಿಯಾನ್ ಹಾಳೆ ತಿರುವಿದ. ವೀರ್‌ಸಂದೆ ಇತ್ತು. ಹೆಸರು, ಗೋಪುರ, ಗೋಪುರದ ಪಕ್ಕ ಒಂದು ಗಾಳಿಗಿರಣಿ.

"ಮಧ್ಯೆ ನೀರಿದೆಯಲ್ಲ?"

"ಕಡಲಿನ ಇಳಿತದಲ್ಲಿ ಮೊಣಕಾಲುದ್ದ ಅಷ್ಟೇ, ಒಡೆಯಾ," ಎಂದಳು ತಾನೆಕೆ. " ಮರಳ ಮೇಲೆ ಎರಡು ಗಂಟೆ ದಾರಿ. ನಾನು ಮುಂದೆ ನಡೀತೀನಿ, ನೀವು ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡಿ."

ತಾನೆಕೆ ಕುಂಚವನ್ನು ಕೆಂಪಿಗೆ ಅದ್ದಿದಳು. ತನ್ನ ಮುಂದಿದ್ದ ಹಾಳೆಯಲ್ಲಿ ಬಿಟ್ಟಿದ್ದ ಆ ಒಂದು ಗೋಪುರಕ್ಕೆ ಚುಕ್ಕೆ ಇಟ್ಟಳು. ಕಣ್ಣು ಮಂಜಾದವಳ ಕೈ ಕೂದಲೆಳೆಯಷ್ಟೂ ಅಳುಕಲಿಲ್ಲ. ಹಾಳೆಯನ್ನು ಕಪ್ತಾನನಿಗೆ ಕೊಟ್ಟಳು.

ಹೊರಡುವಾಗ ಸೊಸೆಯ ಹತ್ತಿರ ಬಂದಳು. ಲೈಸ್ಬೆತ್ ಅವಳ ಮುಖಕ್ಕೆ ಉಗುಳಿದಳು. ತಾನೆಕೆ ಸೊಂಟಕ್ಕೆ ಕಟ್ಟಿದ ಬಟ್ಟೆಯಿಂದ ಒರೆಸಿಕೊಂಡು, "ನೀಲಿ ಕಲಸಿಟ್ಟಿದ್ದೀನಿ ಮಗಳೇ. ನಾನು ಬಿಟ್ಟಿದ್ದನ್ನ ನೀನು ತುಂಬು," ಎಂದಳು. ನಲವತ್ತು ಸೈನಿಕರು ಅವಳ ಹಿಂದೆ ಹೊರಟರು.

ಲೈಸ್ಬೆತ್ ನೀಲಿಯ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಚರಂಡಿಗೆ ಸುರಿದಳು.

ಮೂರು ವಾರ ಕಳೆಯಿತು. ಅತ್ತೆ ಬರಲಿಲ್ಲ. ಕಪ್ತಾನನೂ ಬರಲಿಲ್ಲ. ಬಂಡುಕೋರರು ಎಲ್ಲೋ ದಾರಿಯಲ್ಲಿ ಅಡ್ಡಗಟ್ಟಿರಬೇಕು ಎಂದು ಬೀದಿಯವರು ಮಾತಾಡಿಕೊಂಡರು. ಅಷ್ಟರೊಳಗೆ ಗಂಡನನ್ನು ಅಲ್ಲೇ ಮುಗಿಸಿರುತ್ತಾರೆ ಎಂದು ಲೈಸ್ಬೆತ್ ಕಪ್ಪು ಉಟ್ಟಳು. ಅತ್ತೆಯ ಹೆಸರು ಅಂಗಡಿಯಲ್ಲಿ ಯಾರೂ ಎತ್ತಬಾರದೆಂದಳು.

ಒಂದು ಬೆಳಿಗ್ಗೆ ಜೀಲಂಡಿನ ಮುದುಕಿಯೊಬ್ಬಳು ಚಿಪ್ಪುಮೀನಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಮೀನು ಕೊಳ್ಳಲು ಕರೆಯಲಿಲ್ಲ, ಸುತ್ತ ನೋಡಿದಳು.

"ಗಿಲ್ಲಿಸ್ ಹೆಂಡ್ತಿ ನೀನೇನಾ? ಮೊದ್ಲು ಆ ಕಪ್ಪು ಕಿತ್ತಾಕು. ನಿನ್ನ ಗಂಡ ಹಡಗು ಹತ್ತಿ ಲಂಡನ್ನು ಸೇರಿದ. ಇಲ್ಲೇ, ಈ ಊರಿನ ಕೋಟೆ ಬಾಗಿಲ ಹತ್ರಾನೇ ಅಡಗಿದ್ನಂತೆ. ಆ ಕಪ್ತಾನ ಸೈನಿಕರ ಸಮೇತ ಎಲ್ಲೋ ಹೋದ ನೋಡು, ಬಾಗಿಲಿಗೆ ಕಾವಲಿಲ್ಲದ ಅವತ್ತೇ ದಾಟಿದ. ಅಮ್ಮ ಹೇಗಿದ್ದಾಳೆ ಅಂತ ಕೇಳಿ ಕಳಿಸಿದಾನೆ."

ಲೈಸ್ಬೆತ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅವಳ ಮಾತು ಎತ್ತಬೇಡ ಅಜ್ಜೀ. ಮಗನ್ನ ಹಿಡಿದುಕೊಡ್ತೀನಿ ಅಂತ ಆ ಕಪ್ತಾನನ್ನ ತವರಿಗೆ ಕರ್ಕೊಂಡು ಹೋದೋಳು ಅವಳೇ. ವೀರ್‌ಸಂದೆಗೆ."

ಮುದುಕಿ ಬುಟ್ಟಿ ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ವೀರ್‌ಸಂದೆಗಾ? ಅದನ್ನ ಇಗರ್ಜಿ ಗೋಪುರದ ಸಮೇತ ಕಡಲು ನುಂಗಿ ನಲವತ್ತೈದು ವರ್ಷ ಆಯ್ತಲ್ಲ ತಾಯೀ. ಉಳಿದೋಳು ತಾನೆಕೆ ಅಂತ ಒಬ್ಬಳೇ ಹುಡುಗಿ."