ಜಾಕಿಗೆ ಆಶೀರ್ವಾದ

ಸೆವ್ರಿನ್ ಬಾಯಿಯ ಜಾಕಿ ಬಲು ಒಳ್ಳೆಯ ನಾಯಿ. ಬಾಯಿ ಇಗರ್ಜಿಯ ಮೆಟ್ಟಿಲು ಇಳಿಯುವಾಗ ತಾನೂ ನಿಂತು ನಿಂತು ಇಳಿಯುತ್ತಿತ್ತು. ಫಾದರ್ ಹಿಲರಿಯವರ ಬಿಳಿ ನಿಲುವಂಗಿ ಕಂಡರೆ ಮಾತ್ರ ಹಲ್ಲು ಕಿರಿದು ಬೊಗಳುತ್ತಿತ್ತು. ಮನುಷ್ಯರನ್ನು ಅಳೆಯುವುದರಲ್ಲಿ ಜಾಕಿ ಎಂದೂ ತಪ್ಪಿದ್ದಿಲ್ಲ ಎಂಬುದು ಬಾಯಿಯ ನಂಬಿಕೆ.

ಜಾಕಿ ಸತ್ತಾಗ ಬಾಯಿ ಅದರ ಚರ್ಮದ ಒಂದು ಚೂರನ್ನು ವಿದೇಶದ ಲ್ಯಾಬಿಗೆ ಕಳಿಸಿ, ರಸ್ತೆ ಬದಿಯ ಜಾಗ ಮಾರಿ, ತದ್ರೂಪಿ ಮರಿಯೊಂದನ್ನು ಮಾಡಿಸಿಕೊಂಡರು. ಅದೇ ಕಂದು ಕಿವಿ, ಅದೇ ಬೆಳ್ಳನೆಯ ಬಾಲ.

ಸಂತ ಫ್ರಾನ್ಸಿಸರ ಹಬ್ಬಕ್ಕೆ ಇಗರ್ಜಿಯ ಅಂಗಳದಲ್ಲಿ ಸಾಕುಪ್ರಾಣಿಗಳಿಗೆ ಆಶೀರ್ವಾದವಿತ್ತು. ದನ, ಬೆಕ್ಕು, ಕೊನೆಗೆ ಯಾರದೋ ಆಮೆಯ ಮೇಲೂ ಪವಿತ್ರ ಜಲ ಬಿತ್ತು. ಬಾಯಿಯ ಸರದಿ ಬಂದಾಗ ಫಾದರ್ ಕೈ ಹಿಂದೆಗೆದರು.

"ಇದಕ್ಕೆ ಆಗ್ಲಿಕ್ಕಿಲ್ಲ ಬಾಯಿ. ದೇವರು ಒಂದು ಜೀವವನ್ನು ಒಂದೇ ಸಲ ಮಾಡುವುದು. ಇದು ಮನುಷ್ಯ ಮಾಡಿದ ನಕಲು."

"ನಾಯಿಗೆ ಆತ್ಮ ಇಲ್ಲ ಅಂತ ಜಾಕಿಯನ್ನು ಹೂಳುವಾಗ ಒಂದು ಪ್ರಾರ್ಥನೆಗೂ ನೀವು ಬರ್ಲಿಲ್ಲ. ಇಲ್ಲದ ಆತ್ಮಕ್ಕೆ ನಕಲು ಎಲ್ಲಿಂದ ಬಂತು ಫಾದರ್? ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಇದು ನನ್ನ ಜಾಕಿಯೇ!"

"ನಕಲು ಅಂದ್ರೆ ನಕಲೇ."

ಅಷ್ಟರಲ್ಲಿ ಮರಿ ಓಡಿಹೋಗಿ ಫಾದರ್ ಅವರ ಪಾದ ನೆಕ್ಕಿತು. ನಿಲುವಂಗಿಯ ಅಂಚಿಗೆ ಮುಖ ಒರೆಸಿ, ಹೊಟ್ಟೆ ಮೇಲೆ ಮಾಡಿ ಮಲಗಿತು.

ಫಾದರ್ ಕರಗಿ ನೀರಾದರು. "ಎಂಥ ಒಳ್ಳೆಯ ಪ್ರಾಣಿ ಮಾರಾಯ್ರೆ! ಇದೂ ದೇವರ ಸೃಷ್ಟಿಯೇ ಬಿಡಿ," ಎಂದು ಪವಿತ್ರ ಜಲ ಎತ್ತಿಕೊಂಡರು.

ಬಾಯಿ ಹಗ್ಗವನ್ನು ಸರಕ್ಕನೆ ಎಳೆದುಕೊಂಡರು.

"ಬೇಡ ಫಾದರ್. ನೀವು ಹೇಳಿದ್ದೇ ಸರಿ. ಇದು ನಕಲು."